ದೊಡ್ಡ ಗೌಡರ ಕಾರಿನ ವಾಸನೆ

ಕಾರು ನನ್ನ ಶೆಡ್ಡಿನ ಮುಂದೆ ನಿಂತಾಗ ನಾಲ್ಕೂ ಗಾಜು ಪೂರ್ತಿ ಇಳಿದಿದ್ದವು. ಹೊರಗೆ ಜಡಿಮಳೆ. ಓಡಿಸಿಕೊಂಡು ಬಂದ ಗೌಡರ ಬಲಗೈ ತೋಳಿನವರೆಗೂ ತೊಯ್ದು ಹೋಗಿತ್ತು. ಎಂಥ ತಲೆಕೆಟ್ಟ ಮನುಷ್ಯನಪ್ಪಾ ಇವನು ಅಂದುಕೊಂಡೆ. ಬಾಗಿಲು ತೆಗೆದು ತಲೆ ಒಳಗೆ ಹಾಕಿದ ಮೇಲೆ ತಲೆ ಯಾರದೂ ಕೆಟ್ಟಿಲ್ಲ ಅಂತ ಗೊತ್ತಾಯಿತು.

ಸಕಲೇಶಪುರದಿಂದ ದೋಣಿಗಲ್ ಕಡೆ ಇಳಿಯುವ ಹೈವೇ ಪಕ್ಕದಲ್ಲಿ ಕಾರಿನ ಎಸಿ ರಿಪೇರಿ ಮಾಡುವವನು ಆಗ ನಾನೊಬ್ಬನೇ. ಎಸಿಯಿಂದ ವಾಸನೆ ಬರುವುದು ನನಗೆ ಹೊಸದಲ್ಲ. ನಮ್ಮ ಕಡೆಯ ಮಳೆಗೆ ಒಳಗಿನ ಕೂಲಿಂಗ್ ಕಾಯಿಲ್ ಒಣಗುವುದೇ ಇಲ್ಲ, ಬೂಸ್ಟು ಹಿಡಿಯುತ್ತದೆ, ಒದ್ದೆ ಕಾಲುಚೀಲದ ವಾಸನೆ ಬರುತ್ತದೆ. ಇದು ಅದಲ್ಲ. ಹುಳಿ ಇತ್ತು, ಅದರ ಹಿಂದೆ ಏನೋ ಜಿಡ್ಡು ಇತ್ತು, ಗಂಟಲಲ್ಲಿ ಹೋಗಿ ಕೂತುಕೊಳ್ಳುತ್ತಿತ್ತು.

"ಎಸಿ ಹಾಕಿ ನೋಡು ಮಾರಾಯ, ಆಮೇಲೆ ಹೇಳು" ಅಂದರು ಗೌಡರು.

ಹಾಕಿದೆ. ಮೊದಲ ಗಾಳಿಗೇ ಹೊರಗೆ ಹಾರಿದೆ.

ಅವರು ನಗಲಿಲ್ಲ. ಕಾರು ಅವರ ಅಪ್ಪ ದೊಡ್ಡ ಗೌಡರದು. ಶ್ರಾವಣದಲ್ಲಿ ಅವರಿಗೆ ಎದೆನೋವು ಬಂದು ಮಂಗಳೂರಿಗೆ ಕರೆದುಕೊಂಡು ಹೋಗುವಾಗ ಘಾಟಿಯಲ್ಲೇ ತೀರಿಕೊಂಡಿದ್ದರು. ಹಿಂದಿನ ಸೀಟಿನಲ್ಲಿ, ಹೆಂಡತಿಯ ತೊಡೆ ಮೇಲೆ ತಲೆ ಇಟ್ಟುಕೊಂಡು. ಇಷ್ಟು ಸುದ್ದಿ ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಮಗ ಹೇಳಿದರು.

"ಅಪ್ಪನ ಕಡೇ ಮಾತು, 'ಎಸಿ ಹಾಕ್ರೋ, ಉಸ್ರು ಕಟ್ತೈತೆ' ಅಂತ. ನಾನು ಹಾಕ್ದೆ. ಅಷ್ಟೇ, ಹೋಗ್ಬುಟ್ರು. ಈಗ ಎಸಿ ಹಾಕಿದ್ರೆ ಈ ವಾಸ್ನೆ. ಅಮ್ಮ ಏನಂತೈತೆ ಗೊತ್ತಾ? ಅಪ್ಪ ಇದ್ರೊಳಗೇ ಅವ್ರೆ, ಮುಕ್ತಿ ಸಿಕ್ಕಿಲ್ಲ ಅಂತೈತೆ. ದಿನಾ ಬಂದು ಹಿಂದಿನ ಸೀಟಲ್ಲಿ ಕೂತ್ಕೊಂಡು ಎಸಿ ಹಾಕಿಸ್ಕೊಳ್ತೈತೆ. ವಾಸ್ನೆ ತಡೀಲಾರದೆ ವಾಂತಿ ಮಾಡ್ಕೊಂಡು, ತಿರ್ಗಾ ಹೋಗಿ ಕೂತ್ಕೊಳ್ತೈತೆ. ಅನ್ನ ಬುಟ್ಟು ಎಷ್ಟು ದಿನ ಆಯ್ತೋ. ಅಪ್ಪನ್ನ ಕಳ್ಕೊಂಡೆ ಮಾರಾಯ, ಅಮ್ಮನ್ನೂ ಕಳ್ಕೊಳ್ಳಂಗೆ ಮಾಡ್ಬೇಡ."

ನಾನೇನು ಮಂತ್ರವಾದಿಯೇ? ಆದರೂ ಆ ಮುಖ ನೋಡಿ ಇಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಒಂದು ಷರತ್ತು ಬೇರೆ ಇತ್ತು. ಕಾರು ಸಂಜೆಯೊಳಗೆ ಅವರ ಕಾಫಿ ಎಸ್ಟೇಟಿಗೆ ವಾಪಸ್ ಬರಬೇಕು, ನನ್ನ ಶೆಡ್ಡಿನಲ್ಲಿ ಉಳಿಯುವಂತಿಲ್ಲ. ಅವರೊಬ್ಬರನ್ನೇ ಹೈವೇ ಪಕ್ಕ ಬಿಟ್ಟು ಬರುವುದಾ ಅಂತ ಅಮ್ಮಾವ್ರು ಕೇಳಿದ್ದರಂತೆ.

ಮೊದಲ ಸಲ ಎಲ್ಲರಿಗೂ ಮಾಡುವುದನ್ನೇ ಮಾಡಿದೆ. ಡ್ಯಾಶ್‌ಬೋರ್ಡಿನ ಸಂದುಗಳಲ್ಲೆಲ್ಲ ಸಾಂಬ್ರಾಣಿಯ ಮಸಿ ಕೂತಿತ್ತು. ಎಸಿ ಹಾಕಿಯೇ ಧೂಪ ಹಿಡಿದಿದ್ದರಂತೆ, ಒಳಗೆಲ್ಲ ಸುತ್ತಲಿ ಅಂತ. ಸೀಟಿನ ಕೆಳಗೆ ಕಾಫಿಪುಡಿಯ ಪೊಟ್ಟಣಗಳು, ಒಣಗಿದ ನಿಂಬೆಹಣ್ಣು. ಎಲ್ಲ ತೆಗೆದು ಕಾರ್ಪೆಟ್ ಎತ್ತಿ ಒಣಗಿಸಿದೆ. ಕಾಯಿಲಿನ ಮೇಲೆ ಕೂತ ನೀರು ಹೊರಗೆ ಹೋಗುವ ರಬ್ಬರ್ ಪೈಪು ಕಾರಿನ ಹೊಟ್ಟೆಯಡಿ ಇರುತ್ತದೆ, ಅದರಿಂದ ಹನಿ ಬೀಳುತ್ತಿರಲಿಲ್ಲ. ತಂತಿ ಹಾಕಿ ಚುಚ್ಚಿದೆ. ತಂತಿಯ ತುದಿಗೆ ಹಳದಿ ಲೋಳೆ ಅಂಟಿಕೊಂಡು ಬಂತು, ಬಟ್ಟೆಗೆ ಒರೆಸಿ ಬಿಸಾಕಿದೆ. ಆಗಲೇ ಅದನ್ನು ಸರಿಯಾಗಿ ನೋಡಿದ್ದರೆ ಮುಂದಿನ ಪಾಡು ಇರುತ್ತಿರಲಿಲ್ಲ. ಕಂಪ್ರೆಸರ್‌ನಿಂದ ಗಾಳಿ ಹೊಡೆದು, ಕಾಯಿಲಿಗೆ ತೊಳೆಯುವ ನೊರೆ ಬಿಟ್ಟು, ಹೀಟರ್ ಹಾಕಿ ಒಣಗಿಸಿದೆ. ವಾಸನೆ ಹೋಯಿತು. ಗೌಡರು ನನ್ನ ಬೆನ್ನು ತಟ್ಟಿ ಹೋದರು.

ವಾರ ತುಂಬುವುದರೊಳಗೆ ಕಾರು ಮತ್ತೆ ಬಂತು. ಗಾಜು ಮತ್ತೆ ಇಳಿದಿತ್ತು.

ಈ ಸಲ ಇಲಿ ಸತ್ತಿರಬೇಕು ಅಂತ ಗಟ್ಟಿ ಮಾಡಿಕೊಂಡೆ. ಎಸ್ಟೇಟ್ ಕಾರುಗಳಲ್ಲಿ ಇದು ಮಾಮೂಲು. ಡ್ಯಾಶ್‌ಬೋರ್ಡಿನ ಎಡಗಡೆಯ ಡಬ್ಬಿ ಬಿಚ್ಚಿ ಅದರ ಹಿಂದಿನ, ಗಾಳಿ ಊದುವ ಬ್ಲೋಯರ್ ಹೊರಗೆ ತೆಗೆದೆ. ಸಿಲ್ವರ್ ಓಕ್ ಎಲೆಗಳ ಒಂದು ಮುದ್ದೆ, ಇಲಿ ಕಚ್ಚಿ ತಂದು ಹಾಕಿದ ಕಾಫಿಬೀಜ, ಒಂದಿಷ್ಟು ಹಿಕ್ಕೆ. ಸದ್ಯ, ಸಿಕ್ಕಿತಲ್ಲ ಅಂತ ಖುಷಿಯಾಗಿ ಎಲ್ಲ ತೊಳೆದು ಜೋಡಿಸಿದೆ. ಇಲಿ ಮಾತ್ರ ಸಿಗಲಿಲ್ಲ. ಎಲ್ಲೋ ಓಡಿಹೋಗಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಸಮಾಧಾನ ಮೂರು ದಿನವೂ ಉಳಿಯಲಿಲ್ಲ. ಗೌಡರು ಕಾರು ತರಲೇ ಇಲ್ಲ, ಫೋನು ಮಾಡಿದರು.

"ಬೆಟ್ಟ ಅಗೆದು ಇಲೀನೂ ಹಿಡೀಲಿಲ್ವಲ್ಲೋ ನೀನು! ಸಾಕು ಬುಡು. ಸೋಮವಾರ ಹಾಸನದವ್ರಿಗೆ ಕೊಟ್‌ಬುಡ್ತೀನಿ. ಅವ್ರು ಏನಾದ್ರೂ ಮಾಡ್ಕೊಳ್ಳಿ."

ಅವರ ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿಸಿತು. ಜೋರಾಗೇನೂ ಇರಲಿಲ್ಲ. "ಮಾರ್ಬುಡಪ್ಪ. ಮಾರು. ಕಾರಿನ ಜೊತೆಗೆ ನಿಮ್ಮಪ್ಪನ್ನೂ ಮಾರ್ಬುಡು."

ಫೋನು ಕಟ್ಟಾಯಿತು. ಅವರ ಕಾರು, ಅವರ ಸಂಕಟ, ನನಗ್ಯಾಕೆ ಅಂತ ಬೇರೆ ಕೆಲಸಕ್ಕೆ ಕೈಹಾಕಿದೆ. ಆಗಲಿಲ್ಲ. ನಾನು ವಾಸನೆ ಹೋಯಿತು ಅಂತ ಎರಡು ಸಲ ಹೇಳಿ ಕಳಿಸಿದ್ದೆ. ಎರಡು ಸಲವೂ ಅದು ಹೋಗಿ ಮತ್ತೆ ಬಂದಿತ್ತು. ಹೋಗಿ ಹೋಗಿ ಬರುವುದು ಅಂದರೆ ಆ ತಾಯಿ ಏನಂದುಕೊಳ್ಳಬೇಕು? ಅವರ ಹುಚ್ಚಿಗೆ ನಾನೇ ತುಪ್ಪ ಸುರಿದ ಹಾಗೆ ಆಗಿತ್ತು.

ಮೊದಲ ಸಲ ತಂತಿ ಒರೆಸಿದ ಬಟ್ಟೆ ಶೆಡ್ಡಿನ ಮೂಲೆಯಲ್ಲೇ ಬಿದ್ದಿತ್ತು. ಎತ್ತಿ ನೋಡಿದೆ. ಲೋಳೆ ಒಣಗಿರಲಿಲ್ಲ, ಮೇಣದ ಹಾಗೆ ಗಟ್ಟಿಯಾಗಿತ್ತು. ಎಸಿ ಕಂಪ್ರೆಸರಿನ ಎಣ್ಣೆ ಇರಬಹುದೇ? ಕಾಯಿಲ್ ತೂತಾಗಿ ಎಣ್ಣೆ ಸೋರುತ್ತಿದ್ದರೆ ಹೊಸ ಕಾಯಿಲೇ ಬೇಕು, ಅದು ಬೆಂಗಳೂರಿನಿಂದ ಬರಬೇಕು. ಆದರೆ ಕಾರು ಬಂದಾಗ ಗ್ಯಾಸ್ ಒತ್ತಡ ನೋಡಿದ್ದೆ, ಸರಿಯಾಗಿಯೇ ಇತ್ತು. ಸೋರುತ್ತಿದ್ದರೆ ಅದು ಇಳಿಯಬೇಕಿತ್ತಲ್ಲ. ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡಿದೆ, ಏನೂ ಹೊಳೆಯಲಿಲ್ಲ. ಊಟಕ್ಕೆ ಮನೆಗೆ ಹೋಗಿ ಸೋಪು ಹಾಕಿ ಕೈ ತೊಳೆದರೂ ನೀರು ಬೆರಳಿನ ಮೇಲಿಂದ ಜಾರಿ ಹೋಗುತ್ತಿತ್ತು.

ಅನ್ನ ಬಡಿಸಲು ಬಂದ ನನ್ನ ಹೆಂಡತಿ ಮೂಗು ಮುಚ್ಚಿಕೊಂಡಳು. "ಥೂ, ಏನ್ರೀ ಇದು? ಕಮಟು ತುಪ್ಪದ ಗಿಂಡಿಗೆ ಕೈ ಹಾಕಿದ್ರಾ?"

"ಕಾರಿನ ಎಸಿ ಕಣೇ. ಅದ್ರಲ್ಲಿ ತುಪ್ಪ ಎಲ್ಲಿಂದ ಬರುತ್ತೆ? ಸುಮ್ನೆ ಬಡ್ಸು."

"ಎಲ್ಲಿಂದ ಬರುತ್ತೋ ನಂಗೇನ್ ಗೊತ್ತು. ತುಪ್ಪದ ವಾಸ್ನೆ ನಂಗೆ ಗೊತ್ತಿಲ್ವಾ?"

ರೇಗಿದೆ, ಆಮೇಲೆ ಬೆರಳು ಮೂಸಿ ನೋಡಿದೆ. ಅವಳು ಹೇಳಿದ್ದು ಸರಿ. ಅದು ಕಮಟು ವಾಸನೆಯೇ. ಜಿಡ್ಡು ಯಾವುದೇ ಇರಲಿ, ಕಾಯಿಲಿನ ಒಳಸಂದುಗಳಲ್ಲಿ ಹೆಪ್ಪುಗಟ್ಟಿ ಕೂತಿದ್ದರೆ ನನ್ನ ನೊರೆಯೂ ಗಾಳಿಯೂ ಅದರ ಮೇಲ್ಮೈ ಸವರಿಕೊಂಡು ಬಂದಿರುತ್ತವೆ ಅಷ್ಟೆ. ಕಾಯಿಲನ್ನೇ ಹೊರಗೆ ತೆಗೆಯಬೇಕು.

ಹೇಳುವುದು ಸುಲಭ. ಗ್ಯಾಸ್ ಪೂರ್ತಿ ಬಿಡಬೇಕು, ಡ್ಯಾಶ್‌ಬೋರ್ಡಿನ ಅರ್ಧ ಬಿಚ್ಚಬೇಕು, ಕಾಯಿಲಿಗೆ ಸೇರುವ ಎರಡು ಅಲ್ಯೂಮಿನಿಯಂ ಪೈಪುಗಳ ನಟ್ಟು ಕಳಚಬೇಕು. ಹಳೆಯ ನಟ್ಟು ಪೈಪಿಗೇ ಕಚ್ಚಿಕೊಂಡಿರುತ್ತದೆ. ಕೈ ಸ್ವಲ್ಪ ತಪ್ಪಿದರೆ ಪೈಪು ತಿರುಚಿ ಸೀಳುತ್ತದೆ. ಆಗ ಎಸಿಯೂ ಇಲ್ಲ, ಮರ್ಯಾದೆಯೂ ಇಲ್ಲ. ಅದೂ ಈ ಕೆಲಸ ನನ್ನ ಶೆಡ್ಡಿನಲ್ಲಿ ಅಲ್ಲ, ಆ ಮನೆಯ ಅಂಗಳದಲ್ಲಿ, ಆ ತಾಯಿಯ ಕಣ್ಣೆದುರು. ಒಂದು ದಿನಕ್ಕೆ ಮುಗಿಯುವ ಕೆಲಸವೂ ಅಲ್ಲ. ಆದರೂ ಫೋನು ಮಾಡಿದೆ. "ಗೌಡ್ರೆ, ಸೋಮವಾರದ ಮುಂಚೆ ನಂಗೊಂದು ಅವಕಾಶ ಕೊಡಿ. ಅಲ್ಲಿಗೇ ಬರ್ತೀನಿ" ಅಂದೆ. "ಬಾ" ಅಂದರು ಅವರು.

ವ್ಯಾಕ್ಯೂಮ್ ಪಂಪು, ಗ್ಯಾಸ್ ಸಿಲಿಂಡರು, ಸ್ಪಾನರುಗಳನ್ನೆಲ್ಲ ಜೀಪಿಗೆ ಹೇರಿಕೊಂಡು ಎಸ್ಟೇಟಿಗೆ ಹೋದೆ. ಮಳೆ ಬಿಟ್ಟಿತ್ತು. ಹಣ್ಣು ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಕಾಫಿ ಒಣಗಿಸುವ ಕಣ ಖಾಲಿ ಇತ್ತು. ಕಾರನ್ನು ಕಣದಲ್ಲಿ ನಿಲ್ಲಿಸಿಕೊಂಡೆ.

ಅಮ್ಮಾವ್ರು ಕಾಫಿ ಮೂಟೆ ಇಡುವ ಸ್ಟೋರಿನ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ತೆಳ್ಳಗಾಗಿದ್ದರು, ಬಳೆಯಿಲ್ಲದ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಪಕ್ಕದಲ್ಲಿ ನೆಲದ ಮೇಲೆ ಕಾಲು ಚಾಚಿಕೊಂಡು ಕೂತ ಅಜ್ಜಿ ದೊಡ್ಡ ಗೌಡರ ಅಕ್ಕ. ಮಂಡಿ ಮಡಚಲು ಬರುತ್ತಿರಲಿಲ್ಲ, ಕೋಲು ಪಕ್ಕದಲ್ಲೇ ಇತ್ತು. ತಮ್ಮ ಸತ್ತ ಸುದ್ದಿ ಕೇಳಿ ಪಾಳ್ಯದ ಹತ್ತಿರದ ತನ್ನ ಊರಿನಿಂದ ಬಂದವರು, ತಮ್ಮನ ಹೆಂಡತಿ ಅನ್ನ ಬಿಟ್ಟಿದ್ದು ನೋಡಿ ವಾಪಸ್ ಹೋಗಿರಲಿಲ್ಲ.

"ವಾಸ್ನೆ ಹೋದ್ರೆ ಅವ್ರೂ ಹೋಗ್ತಾರೇನಪ್ಪ?" ಅಂತ ಅಮ್ಮಾವ್ರು ಕೇಳಿದರು.

ಹೂಂ ಅಂದರೂ ಕಷ್ಟ, ಊಹೂಂ ಅಂದರೂ ಕಷ್ಟ. "ನೋಡ್ತೀನಮ್ಮ" ಅಂದು ಬಾನೆಟ್ ಎತ್ತಿದೆ.

ಗ್ಯಾಸ್ ಹಿಡಿದಿಡುವ ಯಂತ್ರ ಆಗ ನಮ್ಮ ಕಡೆ ಯಾರ ಹತ್ತಿರವೂ ಇರಲಿಲ್ಲ, ಹೊರಗೇ ಬಿಡುತ್ತಿದ್ದೆವು. ವಾಲ್ವ್ ಒತ್ತಿದೆ. ಸುಸ್ಸ್ ಅಂತ ಉದ್ದಕ್ಕೆ ಸದ್ದು ಬಂತು, ನಿಧಾನಕ್ಕೆ ಕ್ಷೀಣಿಸುತ್ತಾ ಹೋಯಿತು. ಅಮ್ಮಾವ್ರು ಧಡಕ್ಕನೆ ಎದ್ದು ನಿಂತರು.

"ಏನಪ್ಪ ಅದು? ಯಾರ ಉಸ್ರು ಅದು?"

"ಗ್ಯಾಸಮ್ಮ, ಗ್ಯಾಸು. ಸಿಲಿಂಡರಲ್ಲಿ ಇರುತ್ತಲ್ಲ, ಅಂಥದ್ದೇ." ಆ ಸದ್ದನ್ನು ಅದೆಷ್ಟೋ ಸಲ ಕೇಳಿದ್ದೇನೆ, ಅವತ್ತು ಮಾತ್ರ ಮೈ ಜುಮ್ಮೆಂದಿತು. ಹಿಂದಿನ ಸೀಟಿನ ಕಡೆ ತಿರುಗಿ ನೋಡಿದೆ ಅಂತ ಹೇಳಲು ಈಗಲೂ ನಾಚಿಕೆ. ಅಜ್ಜಿ ಅಮ್ಮಾವ್ರ ಸೆರಗು ಹಿಡಿದೆಳೆದು ಕೂರಿಸಿದರು.

ಡ್ಯಾಶ್‌ಬೋರ್ಡಿನ ಅರ್ಧ ಬಿಚ್ಚಿ ಗೋಣಿಯ ಮೇಲೆ ಜೋಡಿಸಿಟ್ಟೆ. ಅಮ್ಮಾವ್ರು ಒಂದೊಂದು ತುಂಡನ್ನೂ ಕಣ್ಣಲ್ಲೇ ಹಿಂಬಾಲಿಸುತ್ತಿದ್ದರು. ಮೊದಲ ನಟ್ಟು ಸುಲಭವಾಗಿ ಬಂತು. ಎರಡನೆಯದು ಅಲುಗಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದೆ. ಮತ್ತೆ ಹಿಡಿದೆ, ಒಂದು ಸ್ಪಾನರಿನಿಂದ ಪೈಪು ಅಲುಗದಂತೆ, ಇನ್ನೊಂದರಿಂದ ನಟ್ಟು ತಿರುಗುವಂತೆ. ಪೈಪು ಕಿರ್ ಅಂದಿತು. ಬಿಟ್ಟೆ. ಗೌಡರು ಪಕ್ಕಕ್ಕೇ ಬಂದು ನಿಂತರು. "ಬರ್ತೈತಾ?" ಅಂದರು. "ದೂರ ನಿಂತ್ಕೊಳ್ಳಿ ಗೌಡ್ರೆ" ಅಂತ ಗದರಿದೆ. ಅವರು ಹಿಂದೆ ಸರಿದರು. ಬೆವರು ಕಣ್ಣಿಗಿಳಿಯುತ್ತಿತ್ತು. ಮನೆದೇವರನ್ನು ನೆನೆದು ಮತ್ತೆ ಭಾರ ಕೊಟ್ಟೆ. ಟಕ್ ಅಂತು. ಸೀಳಿತು ಅಂತ ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ತಿರುಗಿದ್ದು ನಟ್ಟು, ಪೈಪು ಹಾಗೇ ಇತ್ತು.

ಕಾಯಿಲಿನ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಹೊರಗೆ ತಂದು ಬಿಸಿಲಲ್ಲಿ ಬಿಚ್ಚಿದೆ. ಕಣದ ತುಂಬ ಆ ವಾಸನೆ ಎದ್ದಿತು. ಕಾಯಿಲಿನ ತೆಳು ರೆಕ್ಕೆಗಳ ಸಂದುಗಳಲ್ಲಿ ಬೆಳ್ಳಗೆ, ಹಳದಿಯಾಗಿ, ಬೆಣ್ಣೆ ಕಾಯಿಸಿದ ಪಾತ್ರೆಯ ತಳದ ಗಸಿಯ ಹಾಗೆ ಏನೋ ಮೆತ್ತಿಕೊಂಡಿತ್ತು. ಪೆಟ್ಟಿಗೆಯ ತಳದಲ್ಲಿ ಒಡೆದ ಹಾಲಿನ ಗಡ್ಡೆ. ಅದರೊಳಗೆ ಕಪ್ಪಾದ ಒಂದು ತುಳಸಿ ಎಲೆ.

ಹಾಲು, ತುಪ್ಪ, ತುಳಸಿ. ನಮ್ಮ ಕಡೆಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸತ್ತ ಮೂರನೇ ದಿನ ಹತ್ತಿರದವರೆಲ್ಲ ಮಣ್ಣು ಮಾಡಿದ ಜಾಗಕ್ಕೆ ಹೋಗಿ ಹಾಲು-ತುಪ್ಪ ಬಿಡುತ್ತೇವೆ. ಯಾರೋ ಕಾರಿಗೇ ಬಿಟ್ಟಿದ್ದರು. ಮುಂದಿನ ಗಾಜಿನ ಬುಡದಲ್ಲಿ ಹೊರಗಿನ ಗಾಳಿ ಎಳೆದುಕೊಳ್ಳುವ ಸೀಳುಗಳಿರುತ್ತವೆ. ಮಳೆನೀರು ಪಕ್ಕಕ್ಕೆ ಹರಿದು ಹೋಗಲು ಅಲ್ಲೊಂದು ತೂತು ಇರುತ್ತದೆ. ಹೋಗಿ ನೋಡಿದೆ, ಅದು ಸಿಲ್ವರ್ ಓಕ್ ಎಲೆಯಿಂದ ಮುಚ್ಚಿಹೋಗಿತ್ತು. ಪಕ್ಕಕ್ಕೆ ಹೋಗಬೇಕಾದ್ದು ಒಳಕ್ಕಿಳಿದು ನೇರ ಕಾಯಿಲಿನ ಮೇಲೆ ಬಿದ್ದಿದೆ.

ಎಲೆ ಕೊಳೆತಿತ್ತು ಅಂತ ಹೇಳಿ ತೊಳೆದುಬಿಡಬಹುದಿತ್ತು. ಯಾರ ಮೇಲೂ ಮಾತು ಬರುತ್ತಿರಲಿಲ್ಲ. ಆದರೆ ವಾಸನೆ ಸುಮ್ಮನೆ ನಿಂತುಹೋದರೆ ಆ ತಾಯಿ ಗಂಡ ಬಿಟ್ಟು ಹೋದರು ಅಂದುಕೊಳ್ಳುತ್ತಾರೆ. ಇನ್ನೊಂದು ಸಲ ಮಣ್ಣು ಮಾಡಿದ ಹಾಗೆ. ಇಲ್ಲ, ಅದು ಆಗಬಾರದು. ಪೆಟ್ಟಿಗೆ ಎತ್ತಿಕೊಂಡು ಹೋಗಿ ಜಗಲಿಯ ಮೇಲೆ ಇಟ್ಟೆ.

"ಅಮ್ಮ, ಇದು ಗೌಡ್ರಲ್ಲ. ನೀವೇ ನೋಡಿ. ಹಾಲು-ತುಪ್ಪ."

ಅಮ್ಮಾವ್ರು ಬಗ್ಗಿದರು. ಮಗ ಬಗ್ಗಿದರು. ಅಜ್ಜಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದು ಕಾಣಿಸಿತು.

"ಅದು ನಾನ್ ಬುಟ್ಟಿದ್ದು ಕಣವ್ವ" ಅಂದರು ಅಜ್ಜಿ. "ಮೂರನೇ ದಿನ ನೀವೆಲ್ಲ ಅವ್ನನ್ನ ಮಣ್ಣು ಮಾಡಿದ್ ದಿಣ್ಣೆ ಮೇಲಕ್ಕೆ ಹೋದ್ರಿ. ಅಷ್ಟು ಕೆಸ್ರು, ಈ ಮಂಡಿ ಇಟ್ಕೊಂಡು ನಾನೆಲ್ಲಿ ಹತ್ತಲಿ? ಕೆಸ್ರಲ್ಲಿ ಕಾರೂ ಹತ್ತಲ್ಲ ಅಂದ್ರು. ಒಬ್ಳೇ ಇಲ್ಲೇ ಉಳ್ಕಂಡೆ. ನಾನು ಎತ್ತಿ ಆಡ್ಸಿದ ತಮ್ಮ ಅವ್ನು. ನನ್ ಕೈಯಿಂದ ಒಂದು ಹನಿನೂ ಬೀಳ್ದಂಗೆ ಹೋಗ್ಬೇಕಾ? ಅವ್ನು ಉಸ್ರು ಬುಟ್ಟಿದ್ದು ಈ ಕಾರಲ್ಲೇ ಅಲ್ವಾ ಅಂತ, ಗಾಜಿನ ಬುಡದಲ್ಲಿ ತೂತು ಕಾಣ್ತು, ಒಳೀಕೆ ಇಳೀಲಿ ಅಂತ ಬುಟ್ಟೆ."

"ಅತ್ತೆ! ಇಷ್ಟು ದಿನ ಒಂದ್ ಮಾತು ಹೇಳಕ್ಕಾಗ್ಲಿಲ್ವಾ?" ಗೌಡರು ಕೂಗಿದರು.

"ಹೆಣದ ವಾಸ್ನೆ ಹೆಣದ ವಾಸ್ನೆ ಅಂತ ನೀವೇ ಅಂತಿದ್ರಿ ಕಣೋ. ನನ್ ಹಾಲು ಹಿಂಗ್ ನಾರ್ತೈತೆ ಅಂತ ನಂಗೇನ್ ಗೊತ್ತು?" ಅಜ್ಜಿ ಅಳತೊಡಗಿದರು.

ಗೌಡರ ಮುಖ ಕೆಂಪಾಗಿತ್ತು. ನನಗೋ, ಯಾಕಾದರೂ ಬಾಯಿಬಿಟ್ಟೆನೋ ಅನ್ನಿಸಿಬಿಟ್ಟಿತು. ಅಮ್ಮಾವ್ರು ಆ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ತಲೆ ಎತ್ತದೆಯೇ ಕೇಳಿದರು.

"ಎಷ್ಟು ಬುಟ್ರಿ ಅತ್ಗೆ?"

"ಒಂದ್ ಚೊಂಬು. ತುಂಬಾ."

"ಅಯ್ಯೋ ಅತ್ಗೆ! ಅರ್ಧ ಲೋಟ ಹಾಲು ಕುಡಿದ್ರೆ ರಾತ್ರಿಯೆಲ್ಲ ಹೊಟ್ಟೆ ಹಿಡ್ಕೊಂಡು ಓಡಾಡ್ತಿದ್ರು ಅವ್ರು. ಅಂಥೋರಿಗೆ ಒಂದ್ ಚೊಂಬು ಕುಡ್ಸಿದೀರಿ. ನಾರ್ದೆ ಇನ್ನೇನಾಗುತ್ತೆ!"

ಹೇಳುತ್ತಾ ಹೇಳುತ್ತಾ ಅವರಿಗೆ ನಗು ಬಂತು. ನಗು ಅಳುವಾಯಿತು. ಅಮ್ಮಾವ್ರು ಕುರ್ಚಿಯಿಂದಿಳಿದು ಅಜ್ಜಿಯ ಪಕ್ಕ ನೆಲದ ಮೇಲೆ ಕೂತು, ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನಾನು, ಗೌಡರು ಕಾರಿನ ಹಿಂದೆ ಹೋಗಿ ನಿಂತೆವು. ಗೌಡರು ಕಣ್ಣೊರೆಸಿಕೊಂಡು, "ಮುಂದಿನ ಕೆಲ್ಸ ನೋಡು ಮಾರಾಯ" ಅಂದರು.

ಮುಂದಿನ ಕೆಲಸ ಆ ಇಬ್ಬರು ಹೆಂಗಸರದೇ ಆಯಿತು. ನಾನು ಸೋಪಿನ ನೀರು ಕಲಸುತ್ತಿದ್ದರೆ ಅಜ್ಜಿ, "ತುಪ್ಪದ ಜಿಡ್ಡು ಸೋಪಿಗೆ ಹೋಗುತ್ತೇನಪ್ಪ? ಸೀಗೆಪುಡಿ ತರ್ಸು" ಅಂದರು. ಬಚ್ಚಲ ಹಂಡೆಯಿಂದ ಬಿಸಿನೀರು ಬಂತು. ಕಾಯಿಲನ್ನು ಬಾನಿಯಲ್ಲಿಟ್ಟುಕೊಂಡು ಮಗುವಿಗೆ ಎಣ್ಣೆನೀರು ಹಾಕುವ ಹಾಗೆ ಒಬ್ಬರು ನೀರು ಹೊಯ್ಯುವುದು, ಇನ್ನೊಬ್ಬರು ಸೀಗೆ ಹಚ್ಚುವುದು. "ಉಜ್ಜಬೇಡ್ರಮ್ಮಾ, ರೆಕ್ಕೆ ಬಗ್ಗುತ್ತೆ" ಅಂತ ನಾನು ಸುತ್ತಲೂ ಒದ್ದಾಡುತ್ತಿದ್ದೆ. ಜಿಡ್ಡು ಕರಗಿ ಕರಗಿ ಇಳಿಯಿತು. ಕೊನೆಗೆ ಕಾಯಿಲನ್ನು ಬೆಳಕಿಗೆ ಹಿಡಿದಾಗ ಸಂದುಗಳಲ್ಲಿ ಆಚೆಯ ಗಿಡಗಳು ಕಂಡವು.

ಒಣಗಿಸಿ, ಪೈಪಿನ ಕೂಡಿಕೆಗೆ ಹೊಸ ರಬ್ಬರ್ ಓ-ರಿಂಗ್ ಹಾಕಿ ಜೋಡಿಸಿದ್ದು ಮರುದಿನ. ಗಾಜಿನ ಬುಡದ ತೂತನ್ನು ಬಿಡಿಸಿ ನೀರು ಹೊಯ್ದು ಅದು ಹೊರಗೆ ಹರಿಯುವುದನ್ನು ನೋಡಿಕೊಂಡೆ. ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದು, ಎಲ್ಲಾದರೂ ಸೋರಿ ಮೀಟರಿನ ಮುಳ್ಳು ಅಲುಗುತ್ತದಾ ಅಂತ ಕಣ್ಣು ಮಿಟುಕಿಸದೆ ಕಾದೆ. ಅಲುಗಲಿಲ್ಲ. ಗ್ಯಾಸ್ ತುಂಬಿ, ಆ ಹಟಮಾರಿ ನಟ್ಟಿಗೆ ಸೋಪಿನ ನೊರೆ ಹಚ್ಚಿ ನೋಡಿದೆ, ಗುಳ್ಳೆ ಏಳಲಿಲ್ಲ.

ಅಮ್ಮಾವ್ರು ಬಂದು ಹಿಂದಿನ ಸೀಟಿನಲ್ಲಿ ಕೂತರು. ಗಾಜೆಲ್ಲ ಏರಿಸಿ ಎಸಿ ಹಾಕಿದೆ. ತಣ್ಣನೆ ಗಾಳಿ ಬಂತು. ಯಾವ ವಾಸನೆಯೂ ಇರಲಿಲ್ಲ. ಕನ್ನಡಿಯಲ್ಲಿ ಅವರ ಮುಖ ನೋಡಲು ಧೈರ್ಯ ಬರಲಿಲ್ಲ.

"ಏನೂ ಇಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ, "ಏನೂ ಇಲ್ಲ." ಎರಡನೆಯ ಸಲ ದನಿ ಬೇರೆಯಾಗಿತ್ತು. ಇನ್ನು ಮುಗಿಯಿತು, ಅಳುತ್ತಾರೆ ಅಂದುಕೊಂಡೆ.

ಅಳಲಿಲ್ಲ. ಗಾಜು ಇಳಿಸಿ ಮಗನನ್ನು ಕರೆದರು. "ದಿಣ್ಣೆ ದಾರಿ ಒಣಗೈತಾ?"

"ಒಣಗೈತಮ್ಮ. ಜೀಪು ದಿನಾ ಹೋಗ್ತೈತೆ."

"ಹಂಗಾರೆ ಅತ್ಗೆನ ಕರ್ಕೊಂಡ್ ಬಾ. ಹಾಲು ಕಾಯ್ಸಕ್ಕೆ ಹೇಳು. ಅವ್ರ ಕೈಯಿಂದ ಬೀಳೋದು ಬಾಕಿ ಐತೆ."

ಕಾರು ನೀನೇ ಓಡಿಸು ಅಂದರು ಗೌಡರು. ಹಿಂದೆ ಅಮ್ಮಾವ್ರ ಪಕ್ಕಕ್ಕೆ ಅಜ್ಜಿಯನ್ನು ಎತ್ತಿ ಕೂರಿಸಿದೆವು. ಅಜ್ಜಿಯ ಮಡಿಲಲ್ಲಿ ಹಾಲಿನ ಚೊಂಬು, ಮೇಲೆ ತುಪ್ಪ, ಒಂದು ತುಳಸಿ ಕುಡಿ. ಆ ಸಂಜೆಯ ತಂಪಿಗೆ ಎಸಿ ಬೇಕಿರಲಿಲ್ಲ. ಆದರೂ ಅಮ್ಮಾವ್ರು, "ಎಸಿ ಹಾಕಪ್ಪ" ಅಂದರು. ಹಾಕಿದೆ.

ಕಾಫಿ ಗಿಡಗಳ ನಡುವೆ ಏರುವ ದಾರಿ, ಕಲ್ಲು ಗುಂಡಿ. ಮೊದಲ ಗುಂಡಿಗೇ ಚೊಂಬು ತುಳುಕಿತು.

"ನಿಧಾನಕ್ಕೆ ಹೋಗಪ್ಪಾ! ತಿರ್ಗಾ ಚೆಲ್ಲೀತು!" ಅಂತ ಅಮ್ಮಾವ್ರು ಹಿಂದಿನಿಂದ ಕೂಗಿದರು.

ಕನ್ನಡಿಯಲ್ಲಿ ನೋಡಿದೆ. ಅಜ್ಜಿ ಚೊಂಬನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದರು. ಅಮ್ಮಾವ್ರು ಅದರ ಬಾಯಿಗೆ ತಮ್ಮ ಅಂಗೈ ಮುಚ್ಚಿದವರು, ದಿಣ್ಣೆ ಮೇಲೆ ಕಾರು ನಿಲ್ಲುವವರೆಗೂ ತೆಗೆಯಲಿಲ್ಲ.